ಎರಡನೆಯ ಹರಳು

ಚಾಮರಾಜನಗರ
9 ಜನವರಿ 2005

ಪ್ರೀತಿಯ ಗಂಗಕ್ಕನಿಗೆ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ಕಾಲೇಜಿನ ಫೋನ್ ಇರುವುದು ಪ್ರಿನ್ಸಿಪಾಲರ ಮೇಜಿನ ಮೇಲೆ. ನಿಮ್ಮ ಮನೆಯ ಫೋನ್ ನಿಮ್ಮ ಅತ್ತೆಯವರ ಮಂಚದ ಪಕ್ಕದಲ್ಲಿ. ಈ ಮಾತು ಎರಡೂ ಕಡೆ ಆಡುವಂಥದ್ದಲ್ಲ.

ನನಗೆ ಹೆದರಿಕೆಯಾಗಿದೆ ಅಕ್ಕ. ನೀವು ಗುರುಪಾದಸ್ವಾಮಿ ಸರ್ ಲ್ಯಾಬ್ ಬಿಟ್ಟು ಆರು ವರ್ಷವಾಯಿತು. ಹೈಸ್ಕೂಲು ಮಕ್ಕಳ ನಡುವೆ ಇದೆಲ್ಲ ಮರೆತಿರಬಹುದು ಅಂತ ಮೊದಲಿನಿಂದ ಹೇಳುತ್ತೇನೆ. ಸರ್ ಗೆಳೆಯರು ಬೆಳೆಸಿ ಕಳಿಸುವ ಆ ಕಪ್ಪು ಹರಳು ನೆನಪಿದೆಯಲ್ಲ? ಎಳ್ಳಿಗಿಂತ ಒಂದಿಷ್ಟು ದೊಡ್ಡದು, ಕಾಗೆಬಂಗಾರದ ಹಾಗೆ ಪದರ ಪದರವಾಗಿ ಏಳುವಂಥದ್ದು. ಒಂದು ಪದರದೊಳಗೆ ಕರೆಂಟು ಸಲೀಸಾಗಿ ಹರಿಯುತ್ತದೆ. ಒಂದು ಪದರದಿಂದ ಇನ್ನೊಂದಕ್ಕೆ ದಾಟಿಸಲು ಹೋದರೆ ಸಾವಿರಾರು ಪಟ್ಟು ರೋಧ. ತಣ್ಣಗೆ ಮಾಡಿದಷ್ಟೂ ಪದರದೊಳಗಿನ ರೋಧ ಇಳಿಯುತ್ತದೆ, ಪದರಗಳ ನಡುವಿನದು ಮಾತ್ರ ಏರುತ್ತದೆ. ಏರಿ ಏರಿ, ಎಂಬತ್ತೈದು ಕೆಲ್ವಿನ್ ಹತ್ತಿರ ಬಂದಾಗ ಎರಡೂ ಸೊನ್ನೆಗೆ ಬಿದ್ದುಬಿಡುತ್ತವೆ. ಆಮೇಲೆ ಅದು ಅತಿವಾಹಕ.

ನೀವು, ಸರ್ ಇಬ್ಬರೂ 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಹರಳುಗಳಿವೆ. ಎರಡನೆಯದರ ರೋಧ ಎಲ್ಲ ತಾಪದಲ್ಲೂ ಮೊದಲನೆಯದರ 1.7 ಪಟ್ಟು. ಅದರಿಂದ ಹುಟ್ಟಿದ್ದೇ ಸರ್ ನಿಯಮ: ಹರಳು ಯಾವುದೇ ಇರಲಿ, ಏರುವ ರೀತಿ ಒಂದೇ, ಒಂದು ಸಂಖ್ಯೆಯಿಂದ ಗುಣಿಸಿದರೆ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಆರು ವರ್ಷದಿಂದ ಅವರು ಅದಕ್ಕೆ ಕಾರಣ ಹುಡುಕುತ್ತಿದ್ದಾರೆ. ನನ್ನ ಪಿಎಚ್.ಡಿ. ಅದರ ಮೇಲೆಯೇ.

ನನ್ನ ಐದು ಹರಳುಗಳೂ ಕೂರುತ್ತಿಲ್ಲ. ಒಂದು ಕಡಿದಾಗಿ ಏರುತ್ತದೆ, ಒಂದು ನಿಧಾನವಾಗಿ, ಇನ್ನೊಂದು ಮೊದಲು ಇಳಿದು ಆಮೇಲೆ ಏರುತ್ತದೆ. ಸರ್ ಕೇಳಿದಾಗಲೆಲ್ಲ ತಂತಿ ಅಂಟಿಸಿದ ಪೇಸ್ಟ್ ಸರಿಯಾಗಿ ಒಣಗಲಿಲ್ಲ ಎನ್ನುತ್ತೇನೆ. "ಆಯ್ತದೆ ಬುಡು ಕಣಮ್ಮಿ. ಗಂಗ ಅಳ್ದಾಗ್ಲೂ ಮೊದ್ಮೊದ್ಲು ಹಿಂಗೇ ಆಯ್ತಿತ್ತು" ಎಂದು ನಗುತ್ತಾರೆ. ಒಂದು ವರ್ಷದಿಂದ ಐದೂ ಗ್ರಾಫುಗಳನ್ನು ಟ್ರಂಕಿನ ತಳದಲ್ಲಿ ಪೇಪರ್ ಹಾಸಿನ ಕೆಳಗೆ ಇಟ್ಟಿದ್ದೇನೆ.

ನನಗಿಂತ ಮೊದಲು ಈ ಕೆಲಸ ಮಾಡಿದವರು ನೀವೊಬ್ಬರೇ. ನನ್ನನ್ನು ಅವರ ಹತ್ತಿರ ಸೇರಿಸಿದವರೂ ನೀವೇ. ನಾನು ಎಲ್ಲಿ ತಪ್ಪುತ್ತಿದ್ದೇನೆ, ಹೇಳಿ.

ನಿಮ್ಮ
ಶಿವರಂಜಿನಿ


ಗುಂಡ್ಲುಪೇಟೆ
20 ಜನವರಿ 2005

ಪ್ರೀತಿಯ ರಂಜಿನಿ,

ನಿನ್ನ ಕಾಗದ ತಲುಪಿ ವಾರವಾಯಿತು. ಪರೀಕ್ಷೆ, ಶಾಲೆ ತಪಾಸಣೆ ಎಂದು ಉತ್ತರ ತಡವಾಯಿತು. ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಈಗ ಈರುಳ್ಳಿ ಲಾರಿಗಳ ಸಾಲು. ಕೇರಳದ ಕಡೆಗೆ ಹೋಗುವವು. ಹಾರನ್ನಿನ ಗಲಾಟೆಗೆ ಪಾಠ ಮಾಡಲೂ ಆಗುವುದಿಲ್ಲ.

ನನಗೆ ನಿಜವಾಗಿಯೂ ಎಲ್ಲ ಮರೆತಿದೆ. ಎಂಟನೆಯ ತರಗತಿಗೆ ಓಮ್ ನಿಯಮ ಹೇಳುವಷ್ಟು ಉಳಿದಿದೆ, ಅಷ್ಟೆ. ತಪ್ಪು ತಂತಿ ಅಂಟಿಸುವುದರಲ್ಲೇ ಇರಬೇಕು. ಪೇಸ್ಟ್ ಹರಳಿನ ಅಂಚಿಗೆ ಇಳಿದರೆ ಕರೆಂಟು ಪದರ ದಾಟದೆ ಬದಿಯಿಂದ ಹರಿದುಬಿಡುತ್ತದೆ. ಹರಳು ಬೆಳೆಸಿದವರದ್ದೂ ದೋಷವಿರಬಹುದು.

ಗ್ರಾಫುಗಳನ್ನು ಸದ್ಯ ಸರ್‌ಗೆ ತೋರಿಸಬೇಡ. ಅವರ ಎದೆಗೆ ಆಪರೇಷನ್ ಆಗಿದೆ, ಮರೆಯಬೇಡ. ಇನ್ನೊಂದಷ್ಟು ಹರಳು ಅಳೆದು ನೋಡು. ಒಂದಾದರೂ ಸರಿಯಾಗಿ ಬರಬಹುದು.

ಗಂಗಕ್ಕ


ಚಾಮರಾಜನಗರ
2 ಫೆಬ್ರವರಿ 2005

ಪ್ರೀತಿಯ ಗಂಗಕ್ಕನಿಗೆ,

ಇದನ್ನು ಓದಿದ ಮೇಲೆ ಒಲೆಗೆ ಹಾಕಿಬಿಡಿ.

ಮಾರ್ಚ್ 14ಕ್ಕೆ ಹೊರಗಿನಿಂದ ಮೂವರು ತಜ್ಞರು ನಮ್ಮ ಲ್ಯಾಬ್ ನೋಡಲು ಬರುತ್ತಾರೆ. ಒಪ್ಪಿದರೆ ನಮಗೊಂದು ತಣಿಸುವ ಯಂತ್ರ ಸಿಗುತ್ತದೆ. ಹರಳು ತಣಿಸಲು ಬೇಕಾದ ದ್ರವ ನೈಟ್ರೋಜನ್‌ಗಾಗಿ ದನದಾಸ್ಪತ್ರೆಯ ಚಿಕ್ಕಮಲ್ಲಪ್ಪನ ಮುಂದೆ ಕ್ಯಾನ್ ಹಿಡಿದು ನಿಲ್ಲುವುದು ತಪ್ಪುತ್ತದೆ. ಮೇ ತಿಂಗಳಲ್ಲಿ ನಿವೃತ್ತಿಯಾಗುವ ಸರ್‌ಗೆ ಇದೊಂದೇ ಆಸೆ. ಹಳೆಯ ನೋಟ್‌ಬುಕ್ ಕೊಟ್ಟು, ಎಲ್ಲ ಅಂಕಿಗಳನ್ನೂ ಕಂಪ್ಯೂಟರಿಗೆ ಟೈಪ್ ಮಾಡು ಅಂದರು.

ಮೊದಲನೆಯ ಹರಳಿನ ಪುಟದಲ್ಲಿ 142 ಕೆಲ್ವಿನ್ ಹತ್ತಿರ ರೋಧ ಒಂದು ಕಡೆ ಛಕ್ಕನೆ ಮೇಲೆ ಹಾರಿದೆ. ಪಕ್ಕದಲ್ಲಿ ನಿಮ್ಮ ಅಕ್ಷರದಲ್ಲಿ 'ಕರೆಂಟ್ ಹೋಗಿ ಬಂತು' ಎಂದಿದೆ. ಸರಿ. ಎರಡು ತಿಂಗಳ ನಂತರ ಅಳೆದ ಎರಡನೆಯ ಹರಳಿನಲ್ಲೂ ಅದೇ 142ರಲ್ಲಿ ಅದೇ ಹಾರಿಕೆ! ಅಲ್ಲಿ ಕರೆಂಟ್ ಹೋದ ಮಾತಿಲ್ಲ.

ಕ್ಯಾಲ್ಕ್ಯುಲೇಟರ್ ತೆಗೆದುಕೊಂಡು ಭಾಗಿಸಿದೆ. 2.40ರ ಎದುರಿಗೆ 4.08. 2.60ರ ಎದುರಿಗೆ 4.42. ತೊಂಬತ್ತಾರು ಸಾಲು, ಪ್ರತಿ ಸಾಲಿಗೂ 1.7. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಯಾವ ಮೀಟರೂ ಹೀಗೆ ಓದುವುದಿಲ್ಲ. ಎರಡನೆಯ ಹರಳನ್ನು ಯಾರೂ ಅಳೆದೇ ಇಲ್ಲ ಅಕ್ಕ.

ಬರಹ ನಿಮ್ಮದು. ಆದರೆ ಸರ್ ಮೀಟರ್ ನೋಡಿ ಓದುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ನನ್ನ ಕೈಲೂ ಹಾಗೇ ಮಾಡಿಸುತ್ತಾರೆ. ಅವರು ಬಾಯಿಗೆ ಬಂದ ಅಂಕಿ ಹೇಳಿದರೆ ನಿಮಗೆ ಹೇಗೆ ಗೊತ್ತಾಗಬೇಕು? ನಿಮ್ಮನ್ನು ನೆನೆದು ಸಂಕಟವಾಯಿತು.

ನಿನ್ನೆ ಟೈಪ್ ಮಾಡುವಾಗ ಹಿಂದೆ ಬಂದು ನಿಂತರು. "ಎಲ್ಲೀಗಂಟ ಬಂತಮ್ಮಿ?" ಅಂದರು. ಸರಕ್ಕನೆ ನೋಟ್‌ಬುಕ್ ಮುಚ್ಚಿದೆ. ಅವರೇ ಹೀಗೆ ಓದಿ ಬರೆಸಿದ್ದು ಹೌದೋ ಅಲ್ಲವೋ, ನೆನಪಿದ್ದರೆ ದಯವಿಟ್ಟು ಬೇಗ ತಿಳಿಸಿ.

ರಂಜಿನಿ


ಗುಂಡ್ಲುಪೇಟೆ
4 ಫೆಬ್ರವರಿ 2005

ರಂಜಿನಿ,

ಯಾರ ಮುಂದೆಯೂ ಬಾಯಿ ಬಿಡಬೇಡ. ಸರ್ ಮುಂದಂತೂ ಬೇಡವೇ ಬೇಡ. ನಿನ್ನ ಲೆಕ್ಚರರ್ ಕೆಲಸ ಇನ್ನೂ ಪ್ರೊಬೇಷನ್‌ನಲ್ಲಿದೆ. ಅಂಕಿಗಳನ್ನು ಇದ್ದ ಹಾಗೇ ಟೈಪ್ ಮಾಡಿ ಕೊಟ್ಟುಬಿಡು. ಆರು ವರ್ಷ ಯಾರೂ ನೋಡದ್ದನ್ನು ಆ ಮೂವರು ಅರ್ಧ ದಿನದಲ್ಲಿ ನೋಡುವುದಿಲ್ಲ.

ಹೌದು, ಸರ್ ಓದುತ್ತಿದ್ದರು, ನಾನು ಬರೆಯುತ್ತಿದ್ದೆ.

ಗಂಗಕ್ಕ


ಚಾಮರಾಜನಗರ
21 ಫೆಬ್ರವರಿ 2005

ಪ್ರೀತಿಯ ಗಂಗಕ್ಕನಿಗೆ,

ನಿನ್ನೆ ಭಾನುವಾರ ನಿಮ್ಮನ್ನು ನೋಡಲೇಬೇಕು ಅನಿಸಿ, ಹೇಳದೆ ಕೇಳದೆ ಗುಂಡ್ಲುಪೇಟೆಗೆ ಬಂದೆ. ಅತ್ತೆಯವರು ಬಾಗಿಲಲ್ಲೇ ಕೂತಿದ್ದರು. "ಅವ್ಳು ನೆನ್ನೇನೇ ಬಂಡೀಪುರಕ್ ಓದ್ಲು ಕಣವ್ವ, ಗಂಡನ್ ಕ್ವಾಟ್ರಸ್ಗೆ. ಒಸಿ ಮಜ್ಗೆ ಕುಡ್ಕಂಡು ಓಗು" ಅಂದರು. ನಿಮ್ಮ ಚಪ್ಪಲಿ ಅಲ್ಲೇ ಇತ್ತು. ಬೇರೆ ಜೊತೆ ಹಾಕಿಕೊಂಡು ಹೋಗಿರಬೇಕು. ಮಹದೇವ ಭಾವನಿಗೆ ಕಾಡಿನ ಗಸ್ತಿನಿಂದ ರಜ ಸಿಕ್ಕಿದ್ದು ಒಳ್ಳೆಯದಾಯಿತು. ಮಜ್ಜಿಗೆ ಕುಡಿದು ಮುಂದಿನ ಬಸ್ಸಿಗೆ ವಾಪಸಾದೆ.

ನನಗೆ ಸರ್ ಅಂದರೆ ಈಗ ಭಯ. ಶನಿವಾರ ಕ್ಲಾಸ್ ಮುಗಿದ ಮೇಲೆ ಲ್ಯಾಬಿಗೆ ಬರಹೇಳಿದರು. ಬೇರೆ ಯಾರೂ ಇರಲಿಲ್ಲ. ಬಾಗಿಲ ಹತ್ತಿರವೇ ನಿಂತೆ. ಅವರು ಕ್ಯಾನಿನಿಂದ ನೈಟ್ರೋಜನ್ ಸುರಿಯುತ್ತ, ಹೊಗೆಯ ನಡುವೆಯೇ ಬೋರ್ಡಿನ ಮೇಲೆ ಬರೆದು, ತಜ್ಞರಿಗೆ ಏನು ಹೇಳಬೇಕು ಎಂದು ನನಗೆ ಒಪ್ಪಿಸಿದರು. "ಎರಡು ಬ್ಯಾರೆ ಬ್ಯಾರೆ ಹರಳು, ಒಂದೇ ಸಂಖ್ಯೆ! ಸುಮ್ಸುಮ್ನೆ ಆಯ್ತದಾ ಹೇಳು ಮತ್ತೆ?" ಎಂದು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಸುಳ್ಳು ಬರೆದ ಮನುಷ್ಯ ಆ ಸುಳ್ಳಿನ ಮುಂದೆ ಇಷ್ಟು ಸಂತೋಷಪಡುವುದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಇಂಥವರು ಏನು ಬೇಕಾದರೂ ಮಾಡಬಲ್ಲರು ಅನ್ನಿಸಿತು.

ನಾನು ತೀರ್ಮಾನ ಮಾಡಿದ್ದೇನೆ. ತಜ್ಞರು ಬಂದ ದಿನ ಅವರ ಕೈಗೆ ದೂರು ಕೊಡುತ್ತೇನೆ. ಕರಡು ಇದರ ಜೊತೆಗಿದೆ. ಪ್ರೊಫೆಸರ್ ಗುರುಪಾದಸ್ವಾಮಿಯವರು ಅಂಕಿಗಳನ್ನು ಕಲ್ಪಿಸಿ ಸಹಾಯಕಿಯಿಂದ ಬರೆಸಿದರು ಎಂದಿದೆ. ನಿಮಗೆ ಏನೂ ಗೊತ್ತಿರಲಿಲ್ಲ ಎಂದು ಎರಡು ಕಡೆ ಬರೆದಿದ್ದೇನೆ. ನಿಮ್ಮ ಮೇಲೆ ಒಂದು ಹನಿ ಮಸಿಯೂ ಬೀಳಲು ಬಿಡುವುದಿಲ್ಲ.

ಓದಿ ತಿದ್ದಿ ಕಳಿಸಿ.

ರಂಜಿನಿ


ಚಾಮರಾಜನಗರ
3 ಮಾರ್ಚ್ 2005

ಗಂಗಕ್ಕ,

ಹತ್ತು ದಿನವಾಯಿತು, ಉತ್ತರವಿಲ್ಲ. ಕಾಗದ ಯಾರ ಕೈಗಾದರೂ ಸಿಕ್ಕಿತೇ?

ಇವತ್ತು ಸರ್, "ಗಂಗ ಹೆಂಗವ್ಳಮ್ಮಿ? ಅವ್ಳ್ನೂ ಕರೀಬೇಕು ಹದ್ನಾಕಕ್ಕೆ. ಅಳ್ದೋಳು ಅವ್ಳೇ ಅಲ್ವಾ?" ಅಂದರು. ನಿಮ್ಮನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಸಾಕ್ಷಿ ಮಾಡಿಕೊಳ್ಳುವ ಯೋಚನೆ ಇರಬೇಕು. ವಿಳಾಸ ಗೊತ್ತಿಲ್ಲ ಎಂದು ಸುಳ್ಳು ಹೇಳಿದೆ. ಕೂಡಲೇ ಒಂದು ಸಾಲು ಬರೆಯಿರಿ.

ರಂಜಿನಿ


ಗುಂಡ್ಲುಪೇಟೆ
7 ಮಾರ್ಚ್ 2005

ರಂಜಿನಿ,

ಎರಡು ಕಾಗದವೂ ಕರಡೂ ತಲುಪಿವೆ. ನೀನು ಬಂದ ಭಾನುವಾರ ನಾನು ಬಂಡೀಪುರಕ್ಕೆ ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಕಿಟಕಿಯಿಂದ ನಿನ್ನನ್ನು ಕಂಡವಳೇ ಹಾಗೆ ಹೇಳಿ ಎಂದು ಅತ್ತೆಗೆ ಕೈಮುಗಿದಿದ್ದೆ. ನೀನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ ಸದ್ದೂ ಕೇಳಿತು.

ಸರ್ ಸುಳ್ಳು ಬರೆಯಲಿಲ್ಲ. ನಾನು ಬರೆದೆ.

1999ರ ಮಾರ್ಚ್. ಒಂದೇ ಹರಳು ಸಾಲದು, ಇನ್ನೊಂದರ ಮೇಲೂ ಅಳೆದು ಕಳಿಸಿ ಎಂದು ವಿಜ್ಞಾನ ಪತ್ರಿಕೆಯವರು ಗಡುವು ಕೊಟ್ಟಿದ್ದರು. ನಮ್ಮ ಹತ್ತಿರ ಉಳಿದದ್ದು ಒಂದೇ ಹರಳು. ಆ ವಾರವೇ ಸರ್ ಕಾಲೇಜಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದರು. ಕಾರಿಗೆ ಹತ್ತಿಸುವಾಗಲೂ, "ಎರಡ್ನೇದ ನೀನೇ ಅಳ್ದ್ಬುಡು ಕಣಮ್ಮಿ" ಅಂದರು. ಮೂರನೆಯ ದಿನ ಹರಳಿನ ಅಡಿಗೆ ತಂತಿ ಕೂರಿಸುವಾಗ ಚಿಮಟ ಒಂದಿಷ್ಟು ಬಿಗಿಯಾಯಿತು. ಪದರ ಕಿತ್ತುಬಂತು, ಉಳಿದದ್ದು ಎಲ್ಲಿಗೋ ಸಿಡಿಯಿತು. ಎರಡು ದಿನ ಮಂಡಿಯೂರಿ ನೆಲವೆಲ್ಲ ತಡಕಿದೆ. ಸಿಗಲಿಲ್ಲ.

ಹೇಳಿಬಿಡೋಣವೆಂದು ಮೈಸೂರಿನ ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗೆ ಅವರ ಹೆಂಡತಿ ಯಶೋದಮ್ಮನವರು ನನ್ನ ಕೈ ಹಿಡಿದುಕೊಂಡು, "ಮನ್ಸಿಗೆ ತ್ರಾಸ ಆಗೋ ಮಾತು ಬ್ಯಾಡ ಕಣವ್ವ, ಡಾಕ್ಟ್ರು ಯೋಳವ್ರೆ" ಅಂದರು. ಒಳಗೆ ಸರ್ ಕಣ್ಣು ಬಿಟ್ಟು "ಬಂತಾ?" ಎಂದು ಕೇಳಿದರು. "ಬಂತು ಸರ್" ಅಂದೆ. ಮೊದಲು ಬಂದದ್ದು ಆ ಮಾತು. ಅಂಕಿಗಳನ್ನು ಆಮೇಲೆ ಬರೆದೆ. ಎರಡರಿಂದ ಗುಣಿಸಿದರೆ ಅನುಮಾನ ಬರುತ್ತದೆ ಎಂದು 1.7ರಿಂದ ಗುಣಿಸಿದೆ. ಕರೆಂಟ್ ಹೋದ ಜಾಗದ ಹಾರಿಕೆಯನ್ನು ತೆಗೆಯಬೇಕೆಂದು ಹೊಳೆಯಲೇ ಇಲ್ಲ.

ಗುಣವಾಗಿ ಬಂದ ಮೇಲೆ ಹೇಳುತ್ತೇನೆ ಅಂದುಕೊಂಡಿದ್ದೆ. ಅವರು ಬಂದು ನೋಟ್‌ಬುಕ್ ನೋಡಿ, ಭಾಗಿಸಿ, ಎದ್ದು ನಿಂತು ಚಾಕ್‌ಪೀಸ್ ಹಿಡಿದರು. ಒಂದೇ ಸಂಖ್ಯೆ ಬರುತ್ತಿದೆ, ಇದು ನಿಯಮ ಎಂದರು. ಅವತ್ತು ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಜೂನ್‌ನಲ್ಲಿ ಶಾಲೆಯ ಆರ್ಡರ್ ಬಂದ ಕೂಡಲೇ ಓಡಿಬಂದೆ.

ನಿನ್ನನ್ನು ಅವರ ಹತ್ತಿರ ಸೇರಿಸಿದ್ದು ಬರೀ ನಿನ್ನ ಒಳ್ಳೆಯದಕ್ಕಲ್ಲ. ನಿನ್ನ ಹರಳುಗಳೂ ಹೇಗೋ ಹಾಗೇ ಬಂದುಬಿಟ್ಟರೆ ನಾನು ಬರೆದದ್ದು ನಿಜವಾಗಿಬಿಡುತ್ತದೆ ಎಂಬ ಆಸೆಯಿತ್ತು. ಹೋದ ತಿಂಗಳು 'ಸರ್ ಓದುತ್ತಿದ್ದರು' ಎಂದು ಬರೆದೆನಲ್ಲ, ಅದನ್ನು ಬರೆಯುವಾಗ ಕೈ ನಡುಗಲಿಲ್ಲ. ಅದೇ ನನಗೆ ಈಗ ಎಲ್ಲಕ್ಕಿಂತ ಭಯ ಹುಟ್ಟಿಸಿರುವುದು.

ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾನೇ ಹೇಳಬೇಕು. ಅವರ ಎದೆ ತಡೆಯುತ್ತದೋ ಇಲ್ಲವೋ. ನೀನು ಬಾಗಿಲ ಹೊರಗೆ ಇರು. ನಾನು ಬರದಿದ್ದರೆ ಈ ಕಾಗದವನ್ನು ಅವರಿಗೆ ಕೊಡು.

ಗಂಗಾಂಬಿಕೆ


ಚಾಮರಾಜನಗರ
17 ಮಾರ್ಚ್ 2005

ಗಂಗಾಂಬಿಕೆಯವರಿಗೆ,

ನೀವು ಶುಕ್ರವಾರ ಬಸ್ಸು ಹತ್ತಿದ ಮೇಲೆ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಅದಕ್ಕಾಗಿ ಬರೆಯುತ್ತಿದ್ದೇನೆ.

ನೀವು ಹೇಳಿ ಮುಗಿಸಿದಾಗ ಸರ್ "ನೀ ಓಗಮ್ಮ" ಎಂದದ್ದನ್ನು ನಾನೂ ಹೊರಗಿನಿಂದ ಕೇಳಿಸಿಕೊಂಡೆ. ನಾನು ನಿಮ್ಮನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ವಾಪಸ್ ಬರುವಷ್ಟರಲ್ಲಿ ಅವರು ಲ್ಯಾಬಿನಲ್ಲಿ ಇರಲಿಲ್ಲ. ಕ್ಯಾನಿನ ಮುಚ್ಚಳ ತೆಗೆದೇ ಇತ್ತು. ನೈಟ್ರೋಜನ್ ಹೊಗೆಯಾಗಿ ನೆಲದ ಮೇಲೆಲ್ಲ ಹರಿಯುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅವರು ಮುಚ್ಚಳ ಮರೆತದ್ದು ಇದೇ ಮೊದಲಂತೆ. ಅಟೆಂಡರ್ ಹೇಳಿದರು.

ಶನಿವಾರ ಬರಲಿಲ್ಲ. ಫೋನ್ ಎತ್ತಲಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಅವರ ಮನೆಗೆ ಹೊರಟೆ. ದಾರಿಯುದ್ದಕ್ಕೂ ಅವರ ಮನೆ ಮುಂದೆ ಜನ ಸೇರಿರುತ್ತಾರೋ ಏನೋ ಎಂದು ಹೆದರಿಕೆ. ತಿರುವಿನಲ್ಲಿ ಒಂದು ನಿಮಿಷ ನಿಂತುಬಿಟ್ಟೆ. ಜನ ಇರಲಿಲ್ಲ. ಯಶೋದಮ್ಮನವರು ಬಾಗಿಲು ತೆಗೆದು, "ಎಲ್ಡ್ ದಿನದಿಂದ ಆ ರೂಮಲ್ಲೇ ಕುಂತವ್ರೆ ಕಣವ್ವ. ಉಣ್ಣಕ್ ಕರುದ್ರೆ ಆಮ್ಯಾಕೆ ಅಂತರೆ. ಏನಾಯ್ತು?" ಅಂದರು. ನಾನು ಚಪ್ಪಲಿ ಬಿಟ್ಟು ಆ ರೂಮಿಗೆ ಹೋದೆ.

ಸರ್ ನೆಲದ ಮೇಲೆ ಕೂತಿದ್ದರು. ಸುತ್ತ ಆರು ವರ್ಷದ ಲೆಕ್ಕದ ಹಾಳೆಗಳು. ತೊಡೆಯ ಮೇಲೆ ನೋಟ್‌ಬುಕ್. "ಅವತ್ತೇ ಭಾಗಿಸ್ದೆ ಕಣಮ್ಮಿ. ಎಲ್ಲಾ ಸಾಲ್ಗೂ ಒಂದೇ ಬತ್ತು. ಮೀಟ್ರು ಹಂಗೆ ಓದಲ್ಲ ಅಂತ ಫಸ್ಟ್ ಇಯರ್ ಹುಡುಗ್ರಿಗೆ ನಾನೇ ಯೋಳ್ಕೊಡ್ತೀನಿ. ಆದ್ರೂ ನಂಬ್ದೆ. ನಂಗೆ ಅದು ಬೇಕಾಗಿತ್ತು" ಎಂದರು. ದನಿ ಮೆಲ್ಲಗಿತ್ತು.

ನನ್ನದೂ ಹೇಳಬೇಕಿತ್ತು. ದೂರಿನ ಕರಡಿನ ಇನ್ನೊಂದು ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಚೆನ್ನಾಗ್ ಬರ್ದಿದ್ದೀಯ. ಹೆಸರೊಂದು ತಪ್ಪು" ಅಂದರು. ಹಾಳೆ ಮಡಿಸುತ್ತ, "ಹೆಸ್ರೂ ಸರಿಯಾಗೇ ಅದೆ ಬುಡು. ಪ್ರಬಂಧದ ಮ್ಯಾಲೆ ಮೊದ್ಲು ಇರೋದು ನಂದೇ ಅಲ್ವಾ" ಅಂದರು.

ಆಮೇಲೆ ನನ್ನ ಐದು ಗ್ರಾಫುಗಳನ್ನು ತೆಗೆದು ಮುಂದಿಟ್ಟೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. "ಇದ್ರಲ್ಲಿ ಆಮ್ಲಜನಕ ಕಮ್ಮಿ ಅದೆ ಅಂತ ಕಾಣ್ತದೆ, ಅದ್ಕೇ ಇಷ್ಟು ಏರ್ತಾ ಅದೆ. ಇದ್ರಲ್ಲಿ ಜಾಸ್ತಿ" ಎಂದು ಅವರಷ್ಟಕ್ಕೇ ಹೇಳಿಕೊಂಡರು. ತಲೆಯೆತ್ತಿ ಕೇಳಿದರು: "ಒಂದು ವರ್ಷ ಯಾಕಮ್ಮಿ ಬಚ್ಚಿಟ್ಟಿದ್ದೆ?"

"ಹೆದರಿಕೆ ಸರ್."

"ಯಾರ್ ಕಂಡ್ರೆ?"

"ನಿಮ್ಮನ್ನ ಕಂಡ್ರೆ."

"ನಾನು ಯಾವತ್ತಾರ ಬೈದಿದ್ನಾ?"

"ಇಲ್ಲ ಸರ್. ನೀವು ಅಷ್ಟು ಖುಷಿಯಾಗಿರ್ತಿದ್ರಿ."

ಅವರು ಗ್ರಾಫನ್ನು ಕೆಳಗಿಟ್ಟರು. "ಅವ್ಳೂ ಅದ್ನೇ ಅಂದ್ಲು" ಎಂದು ಹೇಳಿ ಮುಖ ತಿರುಗಿಸಿಕೊಂಡರು.

ಸೋಮವಾರ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದು, 1999ರ ಎರಡನೆಯ ಹರಳನ್ನು ಯಾರೂ ಅಳೆದಿಲ್ಲವೆಂದು ತಜ್ಞರಿಗೆ ಮೊದಲ ಮಾತಿನಲ್ಲೇ ತಿಳಿಸಿದರು. ನನ್ನ ಗ್ರಾಫುಗಳನ್ನು ತೋರಿಸಿದರು. ತಜ್ಞರು ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಹೋದರು. ಯಂತ್ರ ಬರುವುದಿಲ್ಲವೆಂದು ಸರ್‌ಗೂ ನನಗೂ ಗೊತ್ತು. ನಾನು ಬೇರೆ ಗೈಡ್ ಹುಡುಕಬೇಕು.

ಪ್ರಬಂಧವನ್ನು ಹಿಂತೆಗೆದುಕೊಳ್ಳುವ ಪತ್ರ ಇದರ ಜೊತೆಗಿದೆ. ಕೆಳಗೆ ಸರ್ ರುಜು ಹಾಕಿದ್ದಾರೆ, ನಿಮ್ಮ ಜಾಗ ಖಾಲಿಯಿದೆ. "ಅವ್ಳ್ನ ನೋಡಕೆ ನನ್ ಕೈಲಿ ಆಗಲ್ಲ ಈಗ. ರುಜು ಹಾಕಿ ಕಳಿಸ್ಲಿ" ಎಂದಿದ್ದಾರೆ.

1999ರದ್ದು ನನಗೆ ಅರ್ಥವಾಗುತ್ತದೆ. 'ಸರ್ ಓದುತ್ತಿದ್ದರು' ಎಂದ ಫೆಬ್ರವರಿ ನಾಲ್ಕರ ಕಾಗದ ಅರ್ಥವಾಗುತ್ತಿಲ್ಲ. ಮುಂದೆ ಆಗಬಹುದು, ಗೊತ್ತಿಲ್ಲ.

ಶಿವರಂಜಿನಿ


ಗುಂಡ್ಲುಪೇಟೆ
22 ಮಾರ್ಚ್ 2005

ರಂಜಿನಿ,

ಪತ್ರ ಕಳಿಸಿದ್ದೇನೆ. ಸರ್‌ಗೆ ಏನೂ ಆಗಲಿಲ್ಲವೆಂದು ಓದಿ, ಕಾಗದ ಹಿಡಿದುಕೊಂಡೇ ಅಂಗಳದಲ್ಲಿ ಕೂತುಬಿಟ್ಟೆ. ರಜದ ಮೇಲೆ ಬಂದಿದ್ದ ನಿನ್ನ ಭಾವನಿಗೂ ಅತ್ತೆಗೂ ಎಲ್ಲವನ್ನೂ ಹೇಳಿದೆ. ನಾಳೆ ಹೆಡ್‌ಮಾಸ್ಟರಿಗೆ ಹೇಳುತ್ತೇನೆ. ಅವರು ಏನೆನ್ನುತ್ತಾರೋ ಎಂಬ ಹೆದರಿಕೆ ಇದೆ. ನೀನು ನನ್ನನ್ನು ಅಕ್ಕ ಎಂದು ಕರೆದಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ.

ರುಜು ಹಾಕುವಾಗ ಕೈ ನಡುಗಿ, ಕೊನೆಯ ಅಕ್ಷರ ಗೆರೆ ದಾಟಿ ಕೆಳಗೆ ಇಳಿದಿದೆ. ಇನ್ನೊಂದು ಪ್ರತಿ ಮಾಡಿಸಿ ನೆಟ್ಟಗೆ ಹಾಕು ಅಂದರು ನಿನ್ನ ಭಾವ. ಬೇಡ ಅಂದೆ. ಬಂದ ಹಾಗೇ ಹೋಗಲಿ.

ಗಂಗಾಂಬಿಕೆ